ಹಮ್ರಿಯಾದ ಟೆರೇಸಿನಲ್ಲಿ ರೋಮ್

ಮಸ್ಕತ್ತಿನ ಹಮ್ರಿಯಾದಲ್ಲಿ ನಾವಿದ್ದ ಕಟ್ಟಡದಲ್ಲಿ ಒಂದು ಬೇಸಿಗೆಯಿಂದ ಮುಂದಿನ ಬೇಸಿಗೆಯವರೆಗೆ ರೋಮನ್ ಗಣರಾಜ್ಯ ನಡೆಯಿತು. ಹೇಳಿದರೆ ಯಾರೂ ನಂಬುವುದಿಲ್ಲ. ಅದರೊಳಗೇ ಬೆಳೆದ ನನ್ನ ಮಗ ಕೂಡ ಈಗ ಫೋನಿನಲ್ಲಿ, "ಮಮ್ಮಿ, ಯು ಪೀಪಲ್ ವರ್ ಮ್ಯಾಡ್" ಎನ್ನುತ್ತಾನೆ. ಇರಬಹುದು. ತೊಂಬತ್ತರ ದಶಕದ ಆರಂಭ ಅದು. ವಾರವಿಡೀ ಆಫೀಸಿನಲ್ಲಿ ಇನ್ನೊಬ್ಬರು ಹೇಳಿದಂತೆ ಕೇಳಿಕೊಂಡಿದ್ದ ನಮ್ಮ ಗಂಡಸರಿಗೆ ಶುಕ್ರವಾರ ಒಂದು ದಿನವಾದರೂ ಯಾವುದನ್ನಾದರೂ ಆಳಬೇಕು ಅನ್ನಿಸುತ್ತಿತ್ತು. ಆಳಲಿಕ್ಕೆ ಸಿಕ್ಕಿದ್ದು ಟೆರೇಸ್.

ಕಟ್ಟಡದ ಮೇಲಿನ ಮಹಡಿಗಳಲ್ಲಿ ಫ್ಯಾಮಿಲಿಗಳು. ಅರ್ಧ ನಮ್ಮಂಥ ಕೊಂಕಣಿ ಕ್ರಿಶ್ಚಿಯನರು, ಅರ್ಧ ತುಳು ಮಾತಾಡುವ ಹಿಂದೂಗಳು, ಎಲ್ಲರೂ ಮಂಗಳೂರು, ಉಡುಪಿ ಕಡೆಯವರೇ. ನೆಲಮಹಡಿಯ ಒಂದೇ ಫ್ಲಾಟಿನಲ್ಲಿ ಡ್ರೈವರು, ಕುಕ್ಕು, ಟೈಲರು, ಎ.ಸಿ. ಮೆಕ್ಯಾನಿಕ್ ಎಂದು ಹಲವು ಗಂಡಸರು ಒಟ್ಟಿಗಿದ್ದರು. ಊರಿನಲ್ಲಿ ಹೆಂಡತಿ ಮಕ್ಕಳಿದ್ದರೂ ಗಲ್ಫಿನ ಲೆಕ್ಕದಲ್ಲಿ ಇವರೆಲ್ಲ ಬ್ಯಾಚುಲರ್ಸ್.

ಶುರುವಾದದ್ದು ಟೆರೇಸಿನಲ್ಲಿ ಒಣಗಲಿಕ್ಕಿಟ್ಟ ಸಂಡಿಗೆಯಿಂದ. ಮೂರನೇ ಮಹಡಿಯ ಬ್ಯಾಂಕಿನವರ ಮನೆಯ ಬೆಡ್‌ಶೀಟಿನಿಂದ ಎರಡನೇ ಮಹಡಿಯ ಸ್ಟೋರ್ ಮ್ಯಾನೇಜರ್ ಮನೆಯ ಅಕ್ಕಿ ಸಂಡಿಗೆಯ ಮೇಲೆ ನೀರು ತೊಟ್ಟಿಕ್ಕಿತು. ಬ್ಯಾಂಕಿನವರು ನಮ್ಮ ಪೈಕಿ, ಮ್ಯಾನೇಜರು ತುಳುವರು. ಮೊದಲು ಹೆಂಗಸರ ಮಾತು ನಿಂತಿತು, ಆಮೇಲೆ ಗಂಡಸರದು. ಕೊನೆಗೆ ಯಾರೋ ಬಟ್ಟೆ ಒಣಹಾಕುವ ಹಗ್ಗ ಕತ್ತರಿಸಿದರು. ಕಟ್ಟಡದ ಒಡೆಯ, ಒಬ್ಬ ಸಭ್ಯ ಒಮಾನಿ ಮುದುಕರು, ಮೆಟ್ಟಿಲು ಹತ್ತಿ ಬಂದು ಟೆರೇಸಿಗೆ ಬೀಗ ಹಾಕಿಬಿಟ್ಟರು.

"ಖಲಾಸ್! ನನ್ನ ಮನೆಯಲ್ಲಿ ಹದಿನಾರು ಜನ, ಒಬ್ಬಳು ತಾಯಿ. ಅವಳು ಹೇಳಿದ್ದೇ ಮಾತು. ನಿಮ್ಮಲ್ಲಿ ಎಷ್ಟು ತಲೆ? ನೀವೇ ತೀರ್ಮಾನ ಮಾಡಿ, ಆಮೇಲೆ ಬಂದು ಚಾವಿ ತೆಗೆದುಕೊಳ್ಳಿ. ಟೆರೇಸಿನ ವಿಷಯ ನನ್ನ ಕಿವಿಗೆ ಬೀಳಬಾರದು" ಎಂದು ಹಿಂದಿಯಲ್ಲಿ ಹೇಳಿ ಹೋದರು.

ಚಾವಿ ಯಾರ ಕೈಯಲ್ಲಿರಬೇಕು ಎಂದು ಜಗಳವಾಡಲಿಕ್ಕೆ ಎಲ್ಲರೂ ನಮ್ಮ ಹಾಲಿಗೆ ಬಂದರು. ನಮ್ಮ ಹಾಲಿಗೇ ಯಾಕೆಂದರೆ ಕುರ್ಚಿಗಳಿದ್ದದ್ದು ಅಲ್ಲಿ. ನಾನು ಸಂಜೆ ಕಟ್ಟಡದ ಮಕ್ಕಳಿಗೆ ಹಿಸ್ಟರಿ ಟ್ಯೂಷನ್ ಹೇಳುತ್ತಿದ್ದೆ. ಅವತ್ತು ಬೋರ್ಡಿನ ಮೇಲೆ ರೋಮ್ ಇತ್ತು. ರೋಮ್ ನನ್ನ ದೌರ್ಬಲ್ಯ. ಮಂಗಳೂರಿನ ಕಾನ್ವೆಂಟಿನಲ್ಲಿ ನಮಗೆ ಹಿಸ್ಟರಿ ಕಲಿಸಿದ ಸಿಸ್ಟರ್ ರೋಮಿನ ಗಣರಾಜ್ಯದ ಪಾಠ ಬಂತೆಂದರೆ ಎರಡೂ ಕೈ ಚಾಚಿ ತಕ್ಕಡಿಯ ಹಾಗೆ ನಿಲ್ಲುತ್ತಿದ್ದರು. "ಗರ್ಲ್ಸ್, ನೋ ಹ್ಯಾಂಡ್ ವಿದೌಟ್ ಅನದರ್ ಹ್ಯಾಂಡ್ ಅಗೇನ್ಸ್ಟ್ ಇಟ್!" ಅವರ ಕಾನ್ವೆಂಟಿನಲ್ಲಿ ಮದರ್ ಸುಪೀರಿಯರ್ ಹೇಳದೆ ಒಂದು ಕಿಟಕಿ ತೆರೆಯುವ ಹಾಗಿರಲಿಲ್ಲ. ಆದರೂ ಆ ಪಾಠ ಹೇಳುವಾಗ ಅವರ ಮುಖ ಕೆಂಪಾಗುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಬ್ಯಾಂಕಿನವರು ಬೋರ್ಡ್ ನೋಡಿ, "ಇದೆಂತ ಟೀಚರ್, ಎರಡು ಕಾನ್ಸಲ್?" ಎಂದು ಕೇಳಿದರು.

ನಾನು ಹೇಳಿದೆ. ರಾಜನನ್ನು ಓಡಿಸಿದ ಮೇಲೆ ರೋಮಿನವರು ಒಬ್ಬನ ಕೈಗೆ ಅಧಿಕಾರ ಕೊಡಲಿಲ್ಲ, ಇಬ್ಬರನ್ನು ಇಟ್ಟರು. ಅಧಿಕಾರದ ಗುರುತಾಗಿ ಒಂದು ಕೋಲಿನ ಕಟ್ಟನ್ನು ಒಂದು ತಿಂಗಳು ಒಬ್ಬನ ಮುಂದೆ ಹೊತ್ತು ನಡೆಯುತ್ತಿದ್ದರು, ಇನ್ನೊಂದು ತಿಂಗಳು ಇನ್ನೊಬ್ಬನ ಮುಂದೆ. ಒಬ್ಬ ಮಾಡಿದ್ದನ್ನು ಇನ್ನೊಬ್ಬ ತಡೆಯಬಹುದು, ಅದಕ್ಕೆ ವೀಟೋ ಎಂದು ಹೆಸರು.

ಬ್ಯಾಂಕಿನವರು, ಮ್ಯಾನೇಜರು ಇಬ್ಬರೂ ಒಂದೇ ಯೋಚನೆ ಮಾಡುತ್ತಿದ್ದದ್ದು ನನಗೆ ಕಾಣುತ್ತಿತ್ತು: ಅವನು ಮಾಡಿದ್ದನ್ನು ನಾನು ತಡೆಯಬಹುದು.

"ಫಸ್ಟ್ ಕ್ಲಾಸ್!" ಎಂದರು ಮ್ಯಾನೇಜರು.

ನನ್ನ ಗಂಡ ಮಾತ್ರ ಪೇಪರಿನ ಹಿಂದಿನಿಂದ, "ಇಬ್ಬರನ್ನು ಇಟ್ಟರೆ ಜಗಳ ಡಬಲ್" ಎಂದರು. ಅವರು ಅಕೌಂಟೆಂಟು. ಅವರ ಮಾತು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಹೀಗೆ ಕೊಂಕಣಿ ಕಡೆಯಿಂದ ಬ್ಯಾಂಕಿನವರು, ತುಳು ಕಡೆಯಿಂದ ಮ್ಯಾನೇಜರು ಕಾನ್ಸಲ್‌ಗಳಾದರು. ಉಳಿದ ಮನೆಗಳ ಯಜಮಾನರು ಸೆನೆಟ್. ಹೆಂಗಸರಿಗೆ ವೋಟಿಲ್ಲ, ರೋಮಿನಲ್ಲೂ ಇರಲಿಲ್ಲ ಎಂದು ಪಾಪ, ನಾನೇ ಹೇಳಿದ್ದೆ. ಕೋಲಿನ ಕಟ್ಟಿಗೆ ಏನು ಮಾಡುವುದು? ಮ್ಯಾನೇಜರ ಹೆಂಡತಿ ಊರಿನಿಂದ ಸೂಟ್‌ಕೇಸಿನಲ್ಲಿ ಮಡಚಿ ತಂದ ತೆಂಗಿನ ಕಡ್ಡಿಯ ಪೊರಕೆ, ನಮ್ಮ ಕಡೆಯ ಹಿಡಿಸೂಡಿ, ಇತ್ತು. ಅದಕ್ಕೇ ಚಾವಿ ಕಟ್ಟಿದೆವು. ಯಾರ ತಿಂಗಳೋ ಅವರ ಮನೆಯ ಬಾಗಿಲಿಗೆ ಹಿಡಿಸೂಡಿ ನೇತುಹಾಕಬೇಕು. ಸೂಟು ಹಾಕಿದ ಬ್ಯಾಂಕಿನವರು ತಿಂಗಳ ಮೊದಲ ದಿನ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದದ್ದನ್ನು ನೀವು ನೋಡಬೇಕಿತ್ತು. ಪಾದ್ರಿಗಳು ಪರಮ ಪ್ರಸಾದ ಹಿಡಿದು ಬರುವಾಗಲೂ ಅಷ್ಟು ಗಂಭೀರವಾಗಿರುವುದಿಲ್ಲ.

ಸೆನೆಟ್ ಸೇರುತ್ತಿದ್ದದ್ದು ಶುಕ್ರವಾರ, ನಾವು ಚರ್ಚಿನಿಂದ ಬಂದ ಮೇಲೆ, ಟೆರೇಸಿನ ನೀರಿನ ಟ್ಯಾಂಕಿನ ನೆರಳಿನಲ್ಲಿ. ಭಾಷೆ ಕನ್ನಡ. ಕೊಂಕಣಿಯಾದರೆ ಅರ್ಧ ಜನಕ್ಕೆ ಬಾರದು. ತುಳು ಎಲ್ಲರಿಗೂ ಬರುತ್ತಿತ್ತು, ಆದರೆ ತುಳುವಿನಲ್ಲಿ ಜಗಳ ಬೇಗ ಹತ್ತಿಕೊಳ್ಳುತ್ತಿತ್ತು. ಕನ್ನಡದಲ್ಲಿ ಬೈಯಬೇಕಾದರೆ ಎಲ್ಲರೂ ಸ್ವಲ್ಪ ಯೋಚಿಸಬೇಕಾಗುತ್ತಿತ್ತು. ವೀಟೋ ಹಾಕುವವರು ಎದ್ದು ನಿಂತು "ಖಲಾಸ್" ಎನ್ನಬೇಕು. ಅಷ್ಟೇ, ಕಾರಣ ಕೊಡಬೇಕಾಗಿಲ್ಲ.

ಕಾರಣ ಕೊಡಬೇಕಾಗಿಲ್ಲ ಎಂದಾಗ ಜನ ಎಷ್ಟು ಸಂತೋಷವಾಗಿರುತ್ತಾರೆ! ಬ್ಯಾಂಕಿನವರು ಹೊಸ ಹಗ್ಗ ಕಟ್ಟಬೇಕೆಂದರೆ ಮ್ಯಾನೇಜರು ಖಲಾಸ್. ಮ್ಯಾನೇಜರು ಚೌತಿಗೆ ಟೆರೇಸಿನಲ್ಲಿ ಲೈಟ್ ಹಾಕಬೇಕೆಂದರೆ ಬ್ಯಾಂಕಿನವರು ಖಲಾಸ್. ನಮ್ಮ ಮೊಂತಿ ಹಬ್ಬದ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬದ, ಊಟಕ್ಕೆ ಟೆರೇಸ್ ಕೇಳಿದರೆ, ಚೌತಿಯ ಸೇಡಿಗೆ ಖಲಾಸ್. ಒಂದು ತಿಂಗಳು ಇಬ್ಬರೂ ಟೆರೇಸಿನ ಬಾಗಿಲು ತೆರೆಯುವ ಹೊತ್ತಿನ ಬಗ್ಗೆ ಒಬ್ಬರಿಗೊಬ್ಬರು ಖಲಾಸ್ ಹೇಳಿಕೊಂಡದ್ದರಿಂದ ಎಲ್ಲರ ಒದ್ದೆ ಬಟ್ಟೆಗಳು ನಮ್ಮ ಹಾಲಿನ ಫ್ಯಾನಿನ ಕೆಳಗೆ ಒಣಗಿದವು.

ಆ ಟೆರೇಸಿನ ಮೂಲೆಯಲ್ಲಿ ಒಂದು ಕೋಣೆ ಇತ್ತು. ಯಾವುದೋ ಕಾಲದಲ್ಲಿ ವಾಚ್‌ಮ್ಯಾನಿಗೆಂದು ಕಟ್ಟಿದ್ದು. ಒಳಗೆ ನಲ್ಲಿ, ಬಚ್ಚಲು, ಎ.ಸಿ. ಇಡಲಿಕ್ಕೆ ಗೋಡೆಯಲ್ಲಿ ತೂತು. ಕೆಳಗಿನ ಎ.ಸಿ. ಮೆಕ್ಯಾನಿಕ್‌ನ ಕಣ್ಣು ಅದರ ಮೇಲೆ ಬಿತ್ತು. ಕುಂದಾಪುರ ಕಡೆಯ ಹುಡುಗ, ತುಂಬ ಮಾತಿನವನು. ಮದುವೆಯಾಗಿ ಒಂದು ರಜೆಯಷ್ಟೇ ಹೆಂಡತಿಯ ಜೊತೆ ಇದ್ದು ಬಂದಿದ್ದ. ಅವನ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಅವಳಿಗೆ ವಿಸಿಟ್ ವೀಸಾ ಮಾಡಿಸಿಕೊಡಲು ಒಪ್ಪಿದ್ದರು. ಕರೆಸಿಕೊಂಡರೆ ಇಡಲಿಕ್ಕೆ ಜಾಗ ಬೇಕಲ್ಲ? ಗಂಡಸರು ಸಾಲಾಗಿ ಮಲಗುವ ಫ್ಲಾಟಿಗೆ ಕರೆತರುವುದುಂಟೇ? ಒಡೆಯರ ಹತ್ತಿರ ಹೋಗಿ ಕೇಳಿದ. ಅವರು, "ನನಗೇನು ತೊಂದರೆ? ಆದರೆ ಅದು ಟೆರೇಸಿನ ವಿಷಯ. ಮೇಲಿನವರು ಒಪ್ಪಲಿ" ಎಂದರು.

ಸೆನೆಟ್ ಒಪ್ಪಲಿಲ್ಲ.

"ಟೆರೇಸ್ ಫ್ಯಾಮಿಲಿಗಳಿಗೆ ಮಾತ್ರ" ಎಂದರು ಬ್ಯಾಂಕಿನವರು.

"ಹೆಂಡತಿ ಬಂದ್ರೆ ನಾನೂ ಫ್ಯಾಮಿಲಿಯೇ ಅಲ್ವಾ ಸಾರ್?"

"ಬಂದ ಮೇಲೆ ಫ್ಯಾಮಿಲಿ. ಬರುವವರೆಗೆ ಬ್ಯಾಚುಲರ್."

"ಕೋಣೆ ಇಲ್ದೆ ಅವಳು ಬರೋದು ಹ್ಯಾಂಗೆ?"

"ಅದು ನಿನ್ನ ಪರ್ಸನಲ್ ಮ್ಯಾಟರ್ ಮಾರಾಯ" ಎಂದರು ಮ್ಯಾನೇಜರು. ಆ ಕಾನ್ಸಲ್‌ಗಳು ಒಂದೇ ಮಾತು ಆಡಿದ್ದು ಅದೇ ಮೊದಲ ಸಲ.

ಮರುದಿನ ಅವನು ನಮ್ಮ ಎ.ಸಿ. ಬಿಚ್ಚಿ ಧೂಳು ತೆಗೆಯುತ್ತಿದ್ದ. ಮುಖ ಸಣ್ಣದಾಗಿತ್ತು. ನಾನು ಈಚೆ ಮಕ್ಕಳಿಗೆ ಪ್ಲೀಬಿಯನ್ನರ ಪಾಠ ಹೇಳುತ್ತಿದ್ದೆ: ದೊಡ್ಡ ಮನೆತನದವರ ಕಾಟ ತಡೆಯಲಾರದೆ ಸಾಮಾನ್ಯ ಜನ ಒಂದು ದಿನ ಊರನ್ನೇ ಬಿಟ್ಟು ಹೋಗಿ ಗುಡ್ಡದ ಮೇಲೆ ಕೂತುಬಿಟ್ಟರು, ರೋಮಿನಲ್ಲಿ ಕೆಲಸ ಮಾಡುವವರೇ ಇಲ್ಲವಾದರು.

ಅವನು ಸ್ಕ್ರೂಡ್ರೈವರ್ ಹಿಡಿದುಕೊಂಡೇ, "ಆಮೇಲೆಂತ ಆಯ್ತು ಬಾಯಮ್ಮ?" ಎಂದ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆಯೇ ಕರೆಯುವುದು.

"ಮತ್ತೆಂತ, ದೊಡ್ಡವರು ಓಡಿ ಹೋಗಿ ಕಾಲು ಹಿಡಿದರು. ಅವರ ಪರ ಮಾತಾಡಲಿಕ್ಕೆ ಟ್ರಿಬ್ಯೂನ್ ಎಂದು ಒಬ್ಬನನ್ನು ಕೊಟ್ಟರು. ಅವನಿಗೂ ವೀಟೋ."

"ಅವನಿಗೂ ಖಲಾಸ್ ಹೇಳ್ಲಿಕ್ಕುಂಟಾ?"

"ಕಾನ್ಸಲ್‌ಗೇ ಹೇಳಬಹುದು."

ಅವನು ನಮ್ಮ ಎ.ಸಿ.ಯನ್ನು ಅಂದವಾಗಿ ಜೋಡಿಸಿಟ್ಟು ಹೋದ. ಅದೊಂದೇ ಎ.ಸಿ. ಆಮೇಲಿನ ದಿನಗಳಲ್ಲಿ ಕಟ್ಟಡದಲ್ಲಿ ನೆಟ್ಟಗೆ ಓಡುತ್ತಿದ್ದದ್ದು.

ಶುಕ್ರವಾರ ಎದ್ದು ನೋಡಿದರೆ ನೆಲಮಹಡಿ ಖಾಲಿ. ಚಾಪೆ, ಪಾತ್ರೆ ಕಟ್ಟಿಕೊಂಡು ಎಲ್ಲರೂ ಊರಾಚೆಯ ಅಲ್ ಮಬೇಲಾಕ್ಕೆ, ಯಾರದೋ ಪರಿಚಯದವರ ವರ್ಕ್‌ಶಾಪಿಗೆ ಹೋಗಿಬಿಟ್ಟಿದ್ದರು. ಜೂನ್ ತಿಂಗಳ ಸೆಖೆ. ಪಂಪಿನ ಸ್ವಿಚ್ ಎಲ್ಲಿದೆ ಎಂದು ಕಾನ್ಸಲ್‌ಗಳಿಬ್ಬರಿಗೂ ಗೊತ್ತಿಲ್ಲ. ಗ್ಯಾಸ್ ಸಿಲಿಂಡರ್ ಕೆಳಗೇ ಉಳಿಯಿತು. ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ವ್ಯಾನೂ ಹೋಗಿತ್ತು, ಅದರ ಡ್ರೈವರೂ ಪ್ಲೀಬಿಯನ್ನೇ. ಮ್ಯಾನೇಜರ ಮನೆಯ ಎ.ಸಿ. ಒಂದು ಸಲ ಕೆಮ್ಮಿ ನಿಂತಿತು. ಅವರು ಬನಿಯನ್ನಿನಲ್ಲಿ ಬಂದು ನಮ್ಮ ಹಾಲಿನಲ್ಲಿ ಕೂತರು. ಹಿಂದೆಯೇ ಬ್ಯಾಂಕಿನವರು. ಇಡೀ ಸೆನೆಟ್ ನಮ್ಮ ಒಂದು ಎ.ಸಿ.ಯ ಮುಂದೆ ಕೂತುಕೊಂಡಿತು.

"ಟೀಚರ್, ರೋಮಿನವರು ಇದಕ್ಕೆ ಎಂತ ಮಾಡಿದ್ರು?"

ಮಾತು ಬಲ್ಲ ಒಬ್ಬರನ್ನು ಗುಡ್ಡಕ್ಕೆ ಕಳಿಸಿದರು, ಅವರು ಹೊಟ್ಟೆ ಮತ್ತು ಕೈಕಾಲಿನ ಕತೆ ಹೇಳಿ ಸಮಾಧಾನ ಮಾಡಿದರು ಎಂದೆ. ಹೊಟ್ಟೆ ಸುಮ್ಮನೆ ಕೂತು ತಿನ್ನುತ್ತದೆಂದು ಕೈಕಾಲುಗಳು ಮುಷ್ಕರ ಹೂಡಿದವು; ಕೊನೆಗೆ ಹೊಟ್ಟೆಯೊಟ್ಟಿಗೆ ತಾವೂ ಸೊರಗಿದವು. ಬ್ಯಾಂಕಿನವರು ಕತೆಯನ್ನು ಎರಡು ಸಲ ನನ್ನ ಹತ್ತಿರ ಒಪ್ಪಿಸಿ, ಕಾರಿನಲ್ಲಿ ಬಿರಿಯಾನಿ ತುಂಬಿಕೊಂಡು ಮಬೇಲಾಕ್ಕೆ ಹೊರಟರು. ನಾನೂ ಹೋದೆ, ಪಾಯಿಂಟ್ಸ್ ಮರೆತರೆ ಹೇಳಿಕೊಡಲಿಕ್ಕೆ.

ವರ್ಕ್‌ಶಾಪಿನಲ್ಲಿ ಟಯರುಗಳ ಮೇಲೆ ಕೂತಿದ್ದ ಪ್ಲೀಬಿಯನ್ನರು ಬಿರಿಯಾನಿ ತಿನ್ನುತ್ತ ಕತೆಯನ್ನು ಪೂರ್ತಿ ಕೇಳಿದರು. ಬ್ಯಾಂಕಿನವರು ಚೆನ್ನಾಗಿಯೇ ಹೇಳಿದರು.

ಕುಕ್ಕು ಕೈ ತೊಳೆಯುತ್ತ, "ಕತೆ ಲಾಯ್ಕುಂಟು ಸಾರ್. ಆದ್ರೆ ನಿಮ್ಮ ಹೊಟ್ಟೆಗೆ ಹಸಿವಾಗಿ ನೀವು ಬಂದದ್ದು, ನಮ್ಮದು ಈಗ ತುಂಬಿತು" ಎಂದ. ಎಲ್ಲರೂ ನಕ್ಕರು. ಬ್ಯಾಂಕಿನವರೂ ನಗಬೇಕಾಯಿತು.

ಕರಾರಾಯಿತು. ಮೆಕ್ಯಾನಿಕ್ಕೇ ಟ್ರಿಬ್ಯೂನ್. ನೆಲಮಹಡಿಯವರಿಗೂ ಟೆರೇಸಿನಲ್ಲಿ ಹಗ್ಗ. ಕೋಣೆ ಟ್ರಿಬ್ಯೂನಿಗೆ, ಹೆಂಡತಿ ಬಂದು ಹೋಗುವವರೆಗೆ. ಬೆವರಿನಲ್ಲಿ ನೆನೆದಿದ್ದ ಸೆನೆಟ್ ಎಲ್ಲದಕ್ಕೂ ಹ್ಞೂಂ ಎಂದಿತು. ಆದರೆ ಎ.ಸಿ.ಗಳು ಮತ್ತೆ ಓಡತೊಡಗಿದ ಮೇಲೆ ಮ್ಯಾನೇಜರ ಬುದ್ಧಿಯೂ ಓಡತೊಡಗಿತು. ಅವರು ಟ್ಯೂಷನ್ ಹೊತ್ತಿನಲ್ಲಿ ಬಂದು ಮಕ್ಕಳ ಹಿಂದೆ ಕೂತರು. ನಾನು ಹೇಳುತ್ತ ಹೋದೆ. ಟ್ರಿಬ್ಯೂನ್‌ನ ಮೈ ಮುಟ್ಟಬಾರದು. ಕಷ್ಟದಲ್ಲಿರುವ ಯಾರೂ ಯಾವ ಹೊತ್ತಿನಲ್ಲೂ ಬರಬಹುದಾದ್ದರಿಂದ ಅವನ ಮನೆಯ ಬಾಗಿಲನ್ನು ಹಗಲೂ ರಾತ್ರಿ ಮುಚ್ಚುವ ಹಾಗಿಲ್ಲ.

"ಇನ್ನೊಂದು ಸಲ ಹೇಳಿ" ಎಂದರು ಮ್ಯಾನೇಜರು.

ಮುಂದಿನ ಶುಕ್ರವಾರ ಅದು ಕಾನೂನಾಯಿತು. ಇಬ್ಬರು ಕಾನ್ಸಲ್‌ಗಳೂ ಕೈ ಎತ್ತಿದರು. ಟ್ರಿಬ್ಯೂನ್ ಖಲಾಸ್ ಎನ್ನಲಿಕ್ಕೆ ಎದ್ದ, ಆದರೆ ಅವನ ಹಿಂದಿದ್ದ ಟೈಲರು, ಡ್ರೈವರು ಎಲ್ಲ ಅವನ ಅಂಗಿ ಹಿಡಿದೆಳೆದು ಕೂರಿಸಿದರು. ಮುಚ್ಚದ ಬಾಗಿಲು ಅವರಿಗೂ ಬೇಕಿತ್ತು. ಅವರಿಗೂ ಹೇಳಿಕೊಳ್ಳಲಿಕ್ಕೆ ಕಷ್ಟಗಳಿದ್ದವು.

ಅವಳು ಬಂದಳು. ಸಣ್ಣ ಜೀವ, ದೊಡ್ಡ ಕಣ್ಣು. ಏರ್‌ಪೋರ್ಟಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಕೋಣೆಯೊಳಗೆ ಟೈಲರು ಕೂತಿದ್ದ, ಅವನ ಕಫೀಲ್ ಜೊತೆ ಏನೋ ತಕರಾರು. ಅವನೆದ್ದ ಮೇಲೆ ಡ್ರೈವರು. ಆಮೇಲೆ ಅಕ್ಕಪಕ್ಕದ ಕಟ್ಟಡಗಳಿಗೂ ಸುದ್ದಿ ಹೋಯಿತು: ಅಲ್ಲೊಂದು ಮುಚ್ಚದ ಬಾಗಿಲಿದೆಯಂತೆ. ಎರಡೇ ವಾರದಲ್ಲಿ ದೂರದ ಇಬ್ರಿ ಪಟ್ಟಣದಿಂದ ಬಸ್ಸಿನಲ್ಲಿ ಒಬ್ಬ ಬಂದಿದ್ದ, ಊರಿನಲ್ಲಿ ಅವನ ತಮ್ಮ ಬಾವಿಯ ಕಟ್ಟೆ ಒಡೆದನೆಂದು ದೂರು ಹೇಳಲಿಕ್ಕೆ. ಬಾಗಿಲು ತೆರೆದೇ ಇದ್ದದ್ದರಿಂದ ಅವನು ತಂದು ಕೂರಿಸಿದ್ದ ಎ.ಸಿ. ಹಾಕಿ ಪ್ರಯೋಜನವಿಲ್ಲ. ಹಮ್ರಿಯಾದ ಅತಿ ಒಳ್ಳೆಯ ಮೆಕ್ಯಾನಿಕ್ ಬೀಸಣಿಗೆ ಹಿಡಿದು ಕೂತ.

ಅವಳು ಬಾಗಿಲಿಗೆ ಒಂದು ಹಳೇ ಸೀರೆ ಕಟ್ಟಿದಳು. ಅವತ್ತೇ ಕಾನ್ಸಲ್‌ಗಳು ಇನ್‌ಸ್ಪೆಕ್ಷನ್‌ಗೆ ಬಂದರು. ಸೀರೆ ಬಾಗಿಲೇ ಎಂದರು ಮ್ಯಾನೇಜರು. ಬಟ್ಟೆ ಎಂದರು ಬ್ಯಾಂಕಿನವರು. ಸೆನೆಟ್ ಕೂತಿತು. ಹಿಂದೆ ಏನಿದೆಯೆಂದು ಕಾಣಿಸದಿದ್ದರೆ ಅದು ಬಾಗಿಲು ಎಂದು ಒಬ್ಬರು, ತಟ್ಟಿದರೆ ಸದ್ದು ಬಾರದಿದ್ದರೆ ಅದು ಬಾಗಿಲಲ್ಲ ಎಂದು ಇನ್ನೊಬ್ಬರು. ಬ್ಯಾಂಕಿನವರು ಎದ್ದುಹೋಗಿ ಸೀರೆಯನ್ನು ತಟ್ಟಿಯೂ ನೋಡಿದರು. ಅವರ ಗೆಣ್ಣು ಒಳಗೆ ನಿಂತಿದ್ದ ಅವಳ ಭುಜಕ್ಕೆ ತಾಗಿತು. "ಸಾರಿ, ಸಾರಿ" ಎಂದು ಹಿಂದೆ ಸರಿದವರು ಇದನ್ನೂ ತಮ್ಮ ಪರವಾದ ಪಾಯಿಂಟಾಗಿ ಎತ್ತಿ ಹೇಳಿದರು.

ಮೊದಲು ದೂರವಿದ್ದ ನಮ್ಮ ಹೆಂಗಸರೂ ಆಮೇಲೆ ಆ ಕೋಣೆಗೆ ಹೋಗತೊಡಗಿದರು. ಸೆನೆಟ್‌ನಲ್ಲಿ ಮಾತಿಲ್ಲದವರಿಗೆ ಅಲ್ಲಿ ಮಾತಿತ್ತು. ಬ್ಯಾಂಕಿನವರ ಹೆಂಡತಿ, ಮ್ಯಾನೇಜರ ಹೆಂಡತಿ, ಸಂಡಿಗೆಯ ನಂತರ ಮಾತು ಬಿಟ್ಟವರು, ಒಂದೇ ಮಂಚದ ಮೇಲೆ ಕೂತು ಗಂಡಂದಿರ ಮೇಲೆ ದೂರು ಹೇಳಿದರು. ಅವಳು ಎಲ್ಲರಿಗೂ ಚಹಾ ಮಾಡಿದಳು.

ನಾನು ಒಂದು ಮಧ್ಯಾಹ್ನ ಸಾಂಬಾರು ಕೊಡಲಿಕ್ಕೆ ಹೋದಾಗ ಅಪರೂಪಕ್ಕೆ ಅವಳೊಬ್ಬಳೇ ಇದ್ದಳು.

"ಹ್ಯಾಂಗುಂಟು ಮಸ್ಕತ್?" ಎಂದೆ.

"ನಾ ಎಲ್ ಕಂಡಿದ್ದೆ ಬಾಯಮ್ಮ? ಬಂದೋರ್ನ ಕಂಡದ್ದೇ ಆಯ್ತ್." ಅವಳು ಲೋಟ ಒರೆಸುತ್ತಿದ್ದಳು. "ಇವ್ರ ಹತ್ರ ಒಂದ್ ಮಾತ್ ಹೇಳೂಕಿತ್ತ್. ಏರ್‌ಪೋರ್ಟಂಗೇ ಶುರು ಮಾಡಿದ್ದೆ. ಇನ್ನೂ ಮುಗಿಲಿಲ್ಲ."

"ಎಂತ ಮಾತು?"

"ಇವ್ರಿಗ್ ಹೇಳ್ದೆ ನಿಮ್ಗೆ ಹ್ಯಾಂಗ್ ಹೇಳೂದ್?" ಎಂದು ನಕ್ಕಳು. ಆ ನಗು ಅರ್ಧಕ್ಕೇ ನಿಂತಿತು. ವೀಸಾ ಮುಗಿಯಲಿಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ.

ಅವನು ಟ್ರಿಬ್ಯೂನ್ ಪದವಿ ಬಿಡುತ್ತೇನೆ ಎಂದ. ನೆಲಮಹಡಿಯವರು ಒಪ್ಪಲಿಲ್ಲ, ನೀನು ಬಿಟ್ಟರೆ ನಮ್ಮ ಹಗ್ಗ ಹೋಗುತ್ತದೆ ಎಂದರು. ಸೆನೆಟ್‌ಗೆ ಹೇಳಿದ, ಪದವಿ ಬಿಟ್ಟರೆ ಕೋಣೆಯೂ ಬಿಡು, ಕೋಣೆ ಕೊಟ್ಟದ್ದು ಟ್ರಿಬ್ಯೂನಿಗೆ ಎಂದರು. ಬಾಗಿಲಿನ ಕಾನೂನನ್ನೇ ತೆಗೆಯೋಣವೆಂದು ಬ್ಯಾಂಕಿನವರಿಗೆ ಕೊನೆಗೂ ಕರುಣೆ ಬಂತು, ಅಷ್ಟರಲ್ಲಿ ಮ್ಯಾನೇಜರು ಎದ್ದು ಖಲಾಸ್ ಎಂದರು. ಕಾರಣ ಕೊಡಬೇಕಾಗಿರಲಿಲ್ಲವಲ್ಲ.

ಅವತ್ತು ಶುಕ್ರವಾರ. ಸೆನೆಟ್ ಟ್ಯಾಂಕಿನ ನೆರಳಿನಲ್ಲಿ ಇನ್ನೂ ಕೂತಿತ್ತು. ಕೋಣೆಯೊಳಗೆ ಇಬ್ರಿಯವನು ಬಾವಿಯ ಕತೆಯ ಮುಂದಿನ ಭಾಗ ಹೇಳುತ್ತಿದ್ದ. ಮೆಕ್ಯಾನಿಕ್ ಗೋಡೆಗೊರಗಿ ಕೇಳುತ್ತಿದ್ದ, ಅವಳು ಚಹಾದ ನೀರಿಟ್ಟಿದ್ದಳು. ನಾನು ಬಟ್ಟೆ ತೆಗೆಯಲಿಕ್ಕೆ ಹೋದವಳು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದ್ದನ್ನು ಕಂಡೆ, ಇಬ್ರಿಯವನ ತಲೆಯ ಮೇಲಿಂದ, ಬಸ್ಸಿನ ಕಿಟಕಿಯಿಂದ ನೋಡುತ್ತಾರಲ್ಲ, ಹಾಗೆ.

"ನೀವು ಏಳಿ" ಎಂದೆ ಇಬ್ರಿಯವನಿಗೆ.

"ಮುಗಿಲಿಲ್ಲ ಅಮ್ಮ, ಕಟ್ಟೆ ಒಡೆದ ಮೇಲೆ..."

"ಬಾವಿ ಎಲ್ಲಿಗೂ ಹೋಗೋದಿಲ್ಲ. ಯಲ್ಲಾ, ಏಳಿ."

ಅವನನ್ನು ಈಚೆ ಕರೆದೆ. ಸೀರೆಯನ್ನು ಪಕ್ಕಕ್ಕೆ ಸರಿಸಿ ಬಾಗಿಲು ಎಳೆದೆ. ಇಷ್ಟು ದಿನ ಮುಚ್ಚದೆ ಅದು ನೆಲಕ್ಕೆ ಹಿಡಿದಿತ್ತು, ಎರಡೂ ಕೈಯಿಂದ ಎಳೆಯಬೇಕಾಯಿತು. ಒಂದು ಬಕೆಟ್ ಬೋರಲು ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ.

ಸೆನೆಟ್ ಎದ್ದು ನಿಂತಿತು.

"ಟೀಚರ್! ಇದು ಕಾನೂನಿಗೆ ವಿರುದ್ಧ" ಎಂದರು ಮ್ಯಾನೇಜರು.

"ಖಲಾಸ್" ಎಂದೆ.

"ನಿಮಗೆ ವೀಟೋ ಇಲ್ಲ, ಬಾಯಮ್ಮ. ವೋಟೇ ಇಲ್ಲ."

"ಇಲ್ಲ."

"ಮತ್ತೆ ಯಾವ ಅಧಿಕಾರದಲ್ಲಿ ಕೂತಿದ್ದೀರಿ?"

"ಕಾಲು ನೋವು, ಅದಕ್ಕೆ ಕೂತಿದ್ದೇನೆ."

ಬ್ಯಾಂಕಿನವರು ಹತ್ತಿರ ಬಂದು, "ರೋಮಿನಲ್ಲಿ ಹೀಗೆ ಯಾರಾದರೂ ಮಾಡಿದ್ದುಂಟಾ?" ಎಂದು ಕೇಳಿದರು. ಅವರಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು.

"ಸಿಸ್ಟರ್ ಹೇಳಿಲ್ಲ" ಎಂದೆ. "ಮೆಲ್ಲ ಮಾತಾಡಿ."

ಆಶ್ಚರ್ಯವೆಂದರೆ ಅವರು ಮೆಲ್ಲ ಮಾತಾಡಿದರು. ನನ್ನನ್ನು ಎಬ್ಬಿಸಬಹುದೇ, ನಾನು ಕೂತಿರುವಾಗ ಬಾಗಿಲು ಮುಚ್ಚಿದೆ ಎನ್ನಬೇಕೇ ಅಥವಾ ಅಡ್ಡ ಬಂದಿದೆ ಎನ್ನಬೇಕೇ ಎಂದು ಇಡೀ ಸೆನೆಟ್ ಸುಡುವ ಬಿಸಿಲಿನಲ್ಲಿ ನಿಂತು ಪಿಸುಗುಟ್ಟಿಕೊಂಡು ಚರ್ಚೆ ಮಾಡಿತು. ಮೆಟ್ಟಿಲು ಹತ್ತಿ ಬಂದ ಟೈಲರಿಗೆ ಮ್ಯಾನೇಜರೇ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು.

ಒಳಗೆ ಮೊದಲು ಏನೂ ಕೇಳಲಿಲ್ಲ. ಆಮೇಲೆ ಎ.ಸಿ. ಗುರ್ರೆಂದು ಶುರುವಾಯಿತು. ನನ್ನ ಬೆನ್ನಿನ ಹಿಂದೆ ಯಾರೋ ಹತ್ತಿರ ಬಂದು ನಿಂತ ಹಾಗಾಯಿತು, ಮತ್ತು ಒಳಗಿನಿಂದ ಚಿಲಕ ಬಿತ್ತು.

ಆ ಸದ್ದು ಸೆನೆಟ್‌ಗೂ ಕೇಳಿಸಿತು. ಎಲ್ಲರೂ ಮನೆ ಮಠ ಇದ್ದವರೇ. ಬ್ಯಾಂಕಿನವರು ಕನ್ನಡಕ ತೆಗೆದು ಒರೆಸಿಕೊಂಡರು. "ಊಟಕ್ಕೆ ಹೊತ್ತಾಯಿತು" ಎಂದು ಯಾರೋ ಹೇಳಿದರು. ಒಬ್ಬೊಬ್ಬರಾಗಿ ಇಳಿದುಹೋದರು. ಇಬ್ರಿಯವನನ್ನು ಮ್ಯಾನೇಜರೇ ಊಟಕ್ಕೆ ಕರೆದುಕೊಂಡು ಹೋದರು. ಮೆಟ್ಟಿಲಿನ ಉದ್ದಕ್ಕೂ ಬಾವಿಯ ಕತೆ ಕೇಳಿಸುತ್ತಿತ್ತು.

ನಾನು ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ಬಾಂಗ್ ಆಗುವವರೆಗೆ ಅಲ್ಲೇ ಕೂತಿದ್ದೆ. ಅವಳು ಮಾತು ಮುಗಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ಸಲ ಮಾತ್ರ ಅವನು ಜೋರಾಗಿ "ಹೌದಾ?" ಎಂದದ್ದು ಎ.ಸಿ.ಯ ಸದ್ದಿನ ಮೇಲೂ ಕೇಳಿಸಿತು. ನಾನು ಬಕೆಟನ್ನು ಬಾಗಿಲಿನಿಂದ ಸ್ವಲ್ಪ ಈಚೆಗೆ ಸರಿಸಿಕೊಂಡೆ.